ಬೂಟು ಕಚ್ಚಿದೆ, ಕಾಲೆಲುಬು ನೋಯುತ್ತಿದೆ: ತರಬೇತಿ ಬಿಟ್ಟು ಬರಲೇ?

ಪ್ರಶ್ನೆ: ಸರ್, ನಾನು ರಾಯಚೂರು ಜಿಲ್ಲೆಯವಳು. ಮಹಿಳಾ ಕಾನ್‌ಸ್ಟೆಬಲ್ ಆಗಿ ಆಯ್ಕೆಯಾಗಿ ಊರಿನಿಂದ ಬಹಳ ದೂರದ ತರಬೇತಿ ಶಾಲೆಗೆ ಬಂದಿದ್ದೇನೆ, ಇದು ಮೂರನೆಯ ವಾರ. ಮೊಬೈಲ್ ಕೈಗೆ ಸಿಗುವುದು ಭಾನುವಾರ ಮಾತ್ರ. ಹೊಸ ಬೂಟು ಕಚ್ಚಿ ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿವೆ. ಮೊಣಕಾಲಿನ ಕೆಳಗೆ, ಮುಂದಿನ ಎಲುಬು ಓಡುವಾಗ ನೋಯುತ್ತದೆ. ಈಗೀಗ ಮಲಗಿದಾಗಲೂ ನೋಯುತ್ತದೆ. ಸಿಕ್ ರಿಪೋರ್ಟ್ ಬರೆಸಿದರೆ ನೆಪ ಹೇಳುತ್ತಾಳೆ ಎಂದುಕೊಂಡಾರು ಎಂದು ಹಲ್ಲು ಕಚ್ಚಿ ಓಡುತ್ತಿದ್ದೇನೆ. ಸೆಕ್ಷನ್‌ಗಳು ತಲೆಗೆ ಹತ್ತುತ್ತಿಲ್ಲ. ಅವ್ವನ ದನಿ ಕೇಳಿದರೆ ಅಳು ಬರುತ್ತದೆ. ಬಿಟ್ಟು ಬರಲೇ?

ಉತ್ತರ (ನಿವೃತ್ತ ಕವಾಯತು ಬೋಧಕ): ನೋಡಮ್ಮ, ಬಿಡುವ ಮಾತು ಆಮೇಲೆ. ನಾಳೆ ಬೆಳಿಗ್ಗೆ ಪಿ.ಟಿ.ಗೆ ಮೊದಲೇ ಸಿಕ್ ರಿಪೋರ್ಟ್ ಬರೆಸು. ಎಲುಬಿನ ಉದ್ದಕ್ಕೂ ನೋವಿದ್ದು, ಕುಳಿತರೆ ಇಳಿಯುವುದಾದರೆ ಅದು ಹೊಸಬರಲ್ಲಿ ಸಾಮಾನ್ಯ. ಒಂದೇ ಜಾಗದಲ್ಲಿ ಬೆರಳಿಟ್ಟು ಒತ್ತಿದರೆ ಚುರುಕ್ಕೆನ್ನುವುದು, ಮಲಗಿದಾಗಲೂ ನೋಯುವುದು ಬೇರೆ; ಕೂದಲೆಳೆಯಷ್ಟು ಬಿರುಕು ಶುರುವಾಗಿರಬಹುದು. ಮೊದಲ ವಾರಗಳಲ್ಲಿ ಎಕ್ಸ್‌ರೇಯಲ್ಲಿ ಅದು ಕಾಣದೆಯೂ ಇರಬಹುದು. ಆದ್ದರಿಂದ ನೋವು ಉಳಿದರೆ ಮತ್ತೆ ವೈದ್ಯರ ಬಳಿ ಹೋಗು. ಹಿಮೋಗ್ಲೋಬಿನ್ ಪರೀಕ್ಷೆಯನ್ನೂ ಮಾಡಿಸು.

ನನ್ನ ತಂಡದ ಒಬ್ಬ ಹುಡುಗ ಹೀಗೇ ನೋವು ಮುಚ್ಚಿಟ್ಟು ಓಡಿದ. ಜೊತೆಗಾರರ ನಿರ್ಗಮನ ಪಥಸಂಚಲನದ ದಿನ ಅವನು ಕಾಲಿಗೆ ಪಟ್ಟಿ ಹಾಕಿಸಿಕೊಂಡು ಮೈದಾನದ ಅಂಚಿನಲ್ಲಿ ಕುರ್ಚಿಯ ಮೇಲೆ ಕುಳಿತಿದ್ದ. ಅವನು ಕುಂಟುತ್ತಿದ್ದುದನ್ನು ನಾನು ಗಮನಿಸಬೇಕಿತ್ತು. ಅದು ಇಂದಿಗೂ ನನ್ನನ್ನು ಕಾಡುತ್ತದೆ.

ಬೊಬ್ಬೆ ಒಡೆಯಬೇಡ. ತೊಳೆದು, ಒಣಗಿಸಿ, ಟೇಪು ಹಚ್ಚು. ತೆಳು ಕಾಲುಚೀಲದ ಮೇಲೆ ದಪ್ಪನೆಯದನ್ನು ಹಾಕಿಕೋ. ಒದ್ದೆ ಕಾಲುಚೀಲ ಬೇಡವೇ ಬೇಡ.

ಉತ್ತರ (ಮಹಿಳಾ ಪಿಎಸ್‌ಐ): ತಂಗಿ, ಸೆಕ್ಷನ್ ವಿಚಾರ ನಾನು ಹೇಳುತ್ತೇನೆ. ಅಪರಾಧ, ಶಿಕ್ಷೆಗಳನ್ನು ಹೇಳುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 358 ಸೆಕ್ಷನ್, ದೂರು, ಬಂಧನದ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 531. ಅಷ್ಟನ್ನೂ ಉರು ಹೊಡೆಯಲು ಯಾರಿಂದಲೂ ಆಗದು. ಹಿರಿಯರ ಬಾಯಲ್ಲಿ ಕೊಲೆ ಎಂದರೆ ಇನ್ನೂ ಹಳೆಯ ದಂಡ ಸಂಹಿತೆಯ 302, 2024ರ ಜುಲೈ 1ರಿಂದ ಅದು ನ್ಯಾಯ ಸಂಹಿತೆಯ 103. ನೀನು ಹಳೆಯದನ್ನು ಕಲಿತೇ ಇಲ್ಲ, ಮರೆಯುವ ಕಷ್ಟವೂ ಇಲ್ಲ; ಅದು ನಿನಗೇ ಅನುಕೂಲ. ಒಂದು ಘಟನೆಯನ್ನು ಕಟ್ಟಿಕೊಂಡು ಓದು. ನಿಮ್ಮೂರ ಸಂತೆಯಲ್ಲಿ ಒಬ್ಬಾಕೆಯ ಕೊರಳ ಸರ ಕಿತ್ತರು ಎಂದುಕೋ. ಕಿತ್ತದ್ದು ನ್ಯಾಯ ಸಂಹಿತೆಯ 304. ಆಕೆಯ ದೂರನ್ನು ಬರೆದುಕೊಳ್ಳುವುದು ಸುರಕ್ಷಾ ಸಂಹಿತೆಯ 173. ನಮ್ಮ ಸರಹದ್ದಲ್ಲ ಎಂದು ವಾಪಸು ಕಳಿಸುವಂತಿಲ್ಲ. ಕಿತ್ತವಳು ಹೆಂಗಸಾಗಿದ್ದು, ಹೊತ್ತು ಮುಳುಗಿದ್ದರೆ? ಅಸಾಧಾರಣ ಸಂದರ್ಭವನ್ನು ಬಿಟ್ಟರೆ ಬಂಧಿಸುವಂತಿಲ್ಲ, ಅದು ಸುರಕ್ಷಾ ಸಂಹಿತೆಯ 43. ಒಂದು ಸರದಲ್ಲಿ ಮೂರು ಸೆಕ್ಷನ್ ಆಯಿತು.

ಅಳು ನನಗೂ ಬರುತ್ತಿತ್ತು. ಕಲಬುರಗಿಯಿಂದ ಮೈಸೂರಿನ ಪೊಲೀಸ್ ಅಕಾಡೆಮಿಗೆ ಹೋದವಳು ನಾನು. ಮುದ್ದೆ ಗಂಟಲಲ್ಲಿ ಇಳಿಯದೆ ತಟ್ಟೆಯ ಮುಂದೆ ಕುಳಿತಿರುತ್ತಿದ್ದೆ. ಶಾಲೆಯಲ್ಲಿ ಬಿಡುವುದಾದರೆ ಅವ್ವನಿಂದ ಕಟಕ ರೊಟ್ಟಿ, ಶೇಂಗಾ ಹಿಂಡಿ ತರಿಸಿಕೋ. ಫೋನಿನಲ್ಲಿ ಅತ್ತರೆ ಅಳು, ಅವ್ವನ ಮುಂದೆ ಅಳಲು ನಾಚಿಕೆ ಏಕೆ?

ಪ್ರಶ್ನೆ ಕೇಳಿದವಳು (ಮುಂದಿನ ಭಾನುವಾರ): ಸರ್, ಅಕ್ಕ, ತೋರಿಸಿದೆ. ಬಿರುಕಿಲ್ಲ, ಎಲುಬಿನ ಸುತ್ತ ಉರಿಯೂತ ಎಂದರು. ಹತ್ತು ದಿನ ಓಟವಿಲ್ಲ. ನಮ್ಮ ಬೋಧಕರು ಬೈಯಲಿಲ್ಲ. ಸಾಲಿನ ಪಕ್ಕ ನಿಂತು ಹೆಜ್ಜೆಯ ಎಣಿಕೆ ಹೇಳುವ ಕೆಲಸ ಕೊಟ್ಟಿದ್ದಾರೆ.

ಉತ್ತರ (ನಿವೃತ್ತ ಕವಾಯತು ಬೋಧಕ): ಒಳ್ಳೆಯದಾಯಿತಮ್ಮ. ಹನ್ನೊಂದನೆಯ ದಿನ ಹುಮ್ಮಸ್ಸಿನಲ್ಲಿ ಪೂರ್ತಿ ಓಡಿಬಿಡಬೇಡ. ಮೊದಲು ಬಿರುಸು ನಡಿಗೆ, ಆಮೇಲೆ ಮೈದಾನದ ಒಂದೇ ಸುತ್ತು. ರಾತ್ರಿ ನೋವು ಬಂದರೆ ಮತ್ತೆ ಸಿಕ್ ರಿಪೋರ್ಟ್ ಬರೆಸು.