‘ಬೋಧನಾ ಅವಧಿ’ ಎನ್ನಬೇಕೆ, ‘ಪಾಠದ ಹೊತ್ತು’ ಎನ್ನಬೇಕೆ?

ಎಲ್ಲರಿಗೂ ನಮಸ್ಕಾರ.

ಟೆಕ್ಸಾಸ್‌ನ ನಮ್ಮ ಊರಿಗೆ ಹೊಸದಾಗಿ ಬರುವ ಕನ್ನಡದ ಮನೆಗಳಿಗಾಗಿ ಇಲ್ಲಿನ ಶಾಲೆಯ ನಿಯಮಗಳನ್ನು ನಾಲ್ಕು ಪುಟದಲ್ಲಿ ಕನ್ನಡಕ್ಕೆ ತರುತ್ತಿದ್ದೇನೆ. ಎಷ್ಟೋ ಮನೆಗಳಲ್ಲಿ ಮಕ್ಕಳನ್ನು ಶಾಲೆಗೆ ಬಿಟ್ಟು ಕರೆತರುವವರು ಊರಿನಿಂದ ಬಂದ ಅಜ್ಜ ಅಜ್ಜಿಯರು. ಅವರು ಯಾರನ್ನೂ ಕೇಳದೆ ಓದಿ ತಿಳಿಯುವಂತಿರಬೇಕು. ಮೂರು ಪುಟ ಸಲೀಸಾಗಿ ಮುಗಿದವು. ನಾಲ್ಕನೆಯದರಲ್ಲಿ ‘ಇನ್‌ಸ್ಟ್ರಕ್ಷನಲ್ ಟೈಮ್’ (ಶಾಲೆ ವರ್ಷಕ್ಕೆ ಇಷ್ಟು ನಡೆಯಲೇಬೇಕೆಂಬ ಲೆಕ್ಕ) ಎಂಬ ಮಾತಿಗೆ ಬಂದು ನಿಂತಿದ್ದೇನೆ.

ಹಿನ್ನೆಲೆ ಇಷ್ಟು. ಟೆಕ್ಸಾಸ್‌ನಲ್ಲಿ ಮೊದಲು ವರ್ಷಕ್ಕೆ 180 ದಿನ, ದಿನಕ್ಕೆ 7 ಗಂಟೆ ಶಾಲೆ ನಡೆಯಬೇಕೆಂದು ಕಾನೂನಿತ್ತು. 2015ರಲ್ಲಿ ಶಾಸನಸಭೆ ದಿನದ ಲೆಕ್ಕ ಬಿಟ್ಟು ನಿಮಿಷದ ಲೆಕ್ಕ ತಂದಿತು: ವರ್ಷಕ್ಕೆ 75,600 ನಿಮಿಷ. 180, 7, 60 ಗುಣಿಸಿದರೆ ಬರುವ ಸಂಖ್ಯೆಯೇ ಇದು. ಚಂಡಮಾರುತಕ್ಕೋ ಹಿಮಕ್ಕೋ ಶಾಲೆ ಮುಚ್ಚಿದರೆ ಇಡೀ ದಿನ ಸೇರಿಸಬೇಕಿಲ್ಲ, ದಿನಕ್ಕೆ ಹತ್ತು ನಿಮಿಷದಂತೆ ಹೆಚ್ಚಿಸಿಯೂ ತುಂಬಿಕೊಳ್ಳಬಹುದು. ಇದೇ ಅನುಕೂಲದಿಂದ ಕೆಲವು ಹಳ್ಳಿ ಕಡೆಯ ಶಾಲೆಗಳು ವಾರಕ್ಕೆ ನಾಲ್ಕೇ ದಿನ ನಡೆಯುತ್ತಿವೆ.

ನಾನು ಮೊದಲು ‘ವರ್ಷಕ್ಕೆ 75,600 ನಿಮಿಷಗಳ ಬೋಧನಾ ಅವಧಿ’ ಎಂದು ಬರೆದಿದ್ದೆ. ಧಾರವಾಡ ಜಿಲ್ಲೆಯ ಹಳ್ಳಿಶಾಲೆಗಳಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಪಾಠ ಹೇಳಿ ನಿವೃತ್ತಳಾದ ನಮ್ಮವ್ವ ಈಗ ಇಲ್ಲೇ ಇದ್ದಾಳೆ. ಕರಡನ್ನು ಅವಳ ಕೈಗಿತ್ತೆ. ಕನ್ನಡಕ ಏರಿಸಿಕೊಂಡು, ಕೆಂಪು ಪೆನ್ನು ಹಿಡಿದು ಓದುತ್ತ ಹೋದವಳು ಆ ಸಾಲಿನ ಕೆಳಗೆ ಗೆರೆ ಎಳೆದಳು. “ಅಲ್ಲವಾ, ಅವಧಿ ಅಂದ್ರ ನಲವತ್ತು ನಿಮಿಷ. ಒಂದನೇ ಅವಧಿ ಕನ್ನಡ, ಎರಡನೇ ಅವಧಿ ಗಣಿತ ಅಂತ ವೇಳಾಪತ್ರಿಕ್ಯಾಗ ಬರೀತಿದ್ವಿ. ಇಲ್ಲೇ ಅವಧಿ ಅಂತ ಯಾವುದಕ್ಕಂದಿ?” ಎಂದಳು. ಸ್ವಲ್ಪ ತಡೆದು, “ಊಟದ ಸೂಟೀನೂ ಇದರಾಗ ಹಿಡಿದಾರೇನು?” ಎಂದು ಕೇಳಿದಳು.

ಆ ಎರಡನೆಯ ಪ್ರಶ್ನೆಗೆ ಕಾನೂನು ತೆಗೆದು ನೋಡಿದೆ. ಹಿಡಿದಿದ್ದಾರೆ. 75,600 ನಿಮಿಷದಲ್ಲಿ ಪಾಠವೂ ಸೇರಿದೆ, ಊಟವೂ ಸೇರಿದಂತೆ ನಡುವಿನ ಬಿಡುವೂ ಆಟದ ಬಿಡುವೂ ಸೇರಿವೆ. ಹಾಗಿದ್ದ ಮೇಲೆ ಅದನ್ನು ‘ಬೋಧನೆ’ ಎಂದರೆ ಓದುವವರಿಗೆ ತಪ್ಪು ಹೇಳಿದಂತಾಗುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ ಇದೇ ಹೆಸರಿನ ಲೆಕ್ಕ ಬೇರೆ. ಅಲ್ಲಿ 4ರಿಂದ 8ನೇ ತರಗತಿಗೆ ವರ್ಷಕ್ಕೆ 54,000 ನಿಮಿಷ. 180 ದಿನಕ್ಕೆ ಹಂಚಿದರೆ ದಿನಕ್ಕೆ 5 ಗಂಟೆ. ಆದರೆ ಊಟದ ಬಿಡುವು, ಆಟದ ಬಿಡುವು ಎರಡನ್ನೂ ಕಳೆದೇ ಈ ಎಣಿಕೆ. ಎರಡೂ ಕಡೆಗೆ ‘ಬೋಧನಾ ಅವಧಿ’ ಎಂದೇ ಬರೆದರೆ, ಟೆಕ್ಸಾಸ್‌ನ ಮಗು ದಿನಕ್ಕೆ ಎರಡು ಗಂಟೆ ಹೆಚ್ಚು ಪಾಠ ಕೇಳುತ್ತದೆ ಎಂದು ಅಜ್ಜಿಯರು ನಂಬುತ್ತಾರೆ. ಆ ಎರಡು ಗಂಟೆಯಲ್ಲಿ ಊಟ ಎಷ್ಟು, ಆಟ ಎಷ್ಟು ಎಂಬುದು ಸಂಖ್ಯೆಯಿಂದ ಗೊತ್ತಾಗುವುದಿಲ್ಲ. ಪದವಾದರೂ ಅದನ್ನು ಹೇಳಬೇಕು.

ಅದಕ್ಕೆ ನನಗೆ ತೋಚಿದ್ದು: ಬಿಡುವು ಸೇರಿದ ಲೆಕ್ಕಕ್ಕೆ ‘ಶಾಲೆಯ ಹೊತ್ತು’, ಬಿಡುವು ಕಳೆದ ಲೆಕ್ಕಕ್ಕೆ ‘ಪಾಠದ ಹೊತ್ತು’. ಒಂದೇ ಇಂಗ್ಲಿಷ್ ಮಾತಿಗೆ ಎರಡು ಕನ್ನಡ ಪದ ಕೊಡುವುದು ಸರಿಯೇ ಎಂದು ಕೇಳಬಹುದು. ಕಾನೂನು ಎರಡು ಬೇರೆ ವಸ್ತುಗಳನ್ನು ಎಣಿಸುತ್ತಿರುವಾಗ ಅದು ಸರಿಯಷ್ಟೇ ಅಲ್ಲ, ಬೇಕೇ ಬೇಕು ಎನ್ನುವುದು ನನ್ನ ಅನಿಸಿಕೆ.

‘ಅವಧಿ’ಯ ಬಗ್ಗೆ ನನಗೆ ಇನ್ನೂ ಒಂದು ತಕರಾರಿದೆ. ಅದರ ಮೂಲದ ಅರ್ಥವೇ ಎಲ್ಲೆ, ಗಡುವು. ಸಾಲದ ಅವಧಿ, ಶಾಸಕರ ಅವಧಿ, ಅವಧಿ ಮುಗಿದ ಔಷಧ ಎಂದಾಗೆಲ್ಲ ಎಲ್ಲಿಗೆ ಮುಗಿಯಿತು ಎಂಬುದೇ ಮುಖ್ಯ. ಬಿಡಿಬಿಡಿಯಾದ ನಿಮಿಷಗಳನ್ನು ವರ್ಷವಿಡೀ ಕೂಡಿಸಿದ ಮೊತ್ತಕ್ಕೆ ಅದು ಒಗ್ಗುವುದಿಲ್ಲ. ‘ಹೊತ್ತು’ ಹಳಗನ್ನಡದ ಪೊೞ್ತು, ತಮಿಳಿನ ಪೊೞುದಿನ ನೆಂಟ. ‘ಎಷ್ಟು ಹೊತ್ತು ಕೂತಿದ್ದೆ?’ ಎಂದರೆ ಮೊದಲೂ ಕೊನೆಯೂ ಬೇಕಿಲ್ಲ, ಅಳತೆ ಮಾತ್ರ. ನಮ್ಮ ಕೆಲಸಕ್ಕೆ ಬೇಕಾದ್ದು ಅದೇ. ಗಂಟೆಗೆ ‘ತಾಸು’ ಎನ್ನುವುದು ನನ್ನ ಬಾಯಿಯ ಪದವಾದರೂ ಮೈಸೂರು, ಮಂಗಳೂರಿನವರಿಗೆ ದೂರವಾದೀತೆಂದು ಬಿಟ್ಟೆ. (ಲೋಹದ ಬಟ್ಟಲಿನ ಹೆಸರಾದ ‘ತಾಸ್’ ಪಾರಸಿಯಿಂದ ಮರಾಠಿಗೆ, ಅಲ್ಲಿಂದ ನಮಗೆ ಬಂತು; ಹೊತ್ತಿನ ‘ಗಂಟೆ’ ಬಾರಿಸುವ ಗಂಟೆಯಿಂದ ಬಂತು. ಹೊತ್ತನ್ನು ಅಳೆಯುವ ಈ ಎರಡೂ ಪದ ಲೋಹದ ಸಾಮಾನಿನ ಹೆಸರುಗಳು ಎಂಬುದು ನನಗೆ ಇಷ್ಟ.)

ಕರ್ನಾಟಕದ ಬಳಕೆ ಏನೆಂದೂ ನೋಡಬೇಕಲ್ಲ. 2010ರ ಏಪ್ರಿಲ್ 1ರಿಂದ ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ದಿನದ ಲೆಕ್ಕವೂ ಗಂಟೆಯ ಲೆಕ್ಕವೂ ಒಟ್ಟಿಗಿವೆ: 1ರಿಂದ 5ನೇ ತರಗತಿಗೆ 200 ದಿನ ಮತ್ತು 800 ಗಂಟೆ, 6ರಿಂದ 8ಕ್ಕೆ 220 ದಿನ ಮತ್ತು 1000 ಗಂಟೆ. ದಿನಗಳಿಗೆ ನಮ್ಮ ಇಲಾಖೆ ‘ಶಾಲಾ ಕರ್ತವ್ಯದ ದಿನಗಳು’ ಎನ್ನುತ್ತದೆ. ಪರೀಕ್ಷೆ, ಮೌಲ್ಯಾಂಕನ, ಪಠ್ಯೇತರ ಚಟುವಟಿಕೆಗಳ ದಿನ ಕಳೆದು ಉಳಿದದ್ದಕ್ಕೆ ‘ಬೋಧನಾ-ಕಲಿಕಾ ದಿನಗಳು’ ಎಂಬ ಬೇರೆ ಹೆಸರಿದೆ. ನಾನು ಹುಡುಕುತ್ತಿರುವ ಭೇದವನ್ನು ದಿನದ ಮಟ್ಟದಲ್ಲಿ ನಮ್ಮವರು ಆಗಲೇ ಮಾಡಿಟ್ಟಿದ್ದಾರೆ! ಗಂಟೆಯ ಮಟ್ಟದಲ್ಲೂ ಅದು ಬೇಕು. ಶನಿವಾರದ ಮುಂಜಾನೆ ಶಾಲೆಯೂ ಪಟ್ಟಿಯಲ್ಲಿ ಒಂದು ದಿನವೇ, ಸೋಮವಾರವೂ ಒಂದು ದಿನವೇ. ಮಗು ತರಗತಿಯಲ್ಲಿ ಕೂತ ಹೊತ್ತು ಒಂದೇ ಅಲ್ಲ.

ಅದೇ ಅನುಸೂಚಿಯಲ್ಲಿ ಶಿಕ್ಷಕರಿಗೆ ವಾರಕ್ಕೆ 45 ಗಂಟೆ, ಸಿದ್ಧತೆಯ ಹೊತ್ತೂ ಸೇರಿ, ಎಂದಿದೆ. ಇದನ್ನು ಓದಿ ಹೇಳಿದಾಗ ಅವ್ವ ಸುಮ್ಮನಾದಳು. ರಾತ್ರಿ ನಮಗೆ ಉಣ್ಣಲಿಕ್ಕೆ ಹಾಕಿ, ಪಾತ್ರೆ ತೊಳೆದಿಟ್ಟ ಮೇಲೆ ಅವಳು ಪಾಠ ಟಿಪ್ಪಣಿ ಬರೆಯುತ್ತ ಕೂಡುತ್ತಿದ್ದದ್ದು ನನಗೆ ನೆನಪಿದೆ. ಆ ಹೊತ್ತಿಗೂ ಕಾನೂನಿನಲ್ಲಿ ಜಾಗವಿದೆ ಎಂದು ಅವಳಿಗೆ ಈಗ ತಿಳಿಯಿತು. ಅದಕ್ಕೆ ‘ಸಿದ್ಧತೆಯ ಹೊತ್ತು’ ಎಂದೇ ಬರೆದಿದ್ದೇನೆ, ಅವಳೂ ಒಪ್ಪಿದ್ದಾಳೆ.

ಬಲ್ಲವರು ಎರಡು ವಿಷಯದಲ್ಲಿ ನೆರವಾಗಬೇಕು. ಒಂದು, ‘ಪಾಠದ ಹೊತ್ತು’ ಎಂದರೆ ಚಿತ್ರಕಲೆ, ದೈಹಿಕ ಶಿಕ್ಷಣ, ಗ್ರಂಥಾಲಯದ ಪೀರಿಯಡ್ ಹೊರಗುಳಿದಂತೆ ಕೇಳುತ್ತದೆಯೆ? ಇಲ್ಲಿ ಅವೂ ಲೆಕ್ಕಕ್ಕೆ ಬರುತ್ತವೆ. ‘ಕಲಿಕೆಯ ಹೊತ್ತು’ ಎಂದರೆ ಅವನ್ನೂ ಒಳಗೊಂಡೀತು, ಆದರೆ ಆಟದ ಬಿಡುವಿನಲ್ಲೂ ಮಗು ಕಲಿಯುತ್ತದಲ್ಲ ಎಂಬ ಅಳುಕು ನನಗೆ. ಎರಡು, ಮಳೆಗಾಲದಲ್ಲಿ ಜಿಲ್ಲಾಧಿಕಾರಿಗಳು ರಜೆ ಸಾರಿದ ಮೇಲೆ ಶನಿವಾರ ಮಧ್ಯಾಹ್ನವೋ ಭಾನುವಾರವೋ ಶಾಲೆ ನಡೆಸಿ ತುಂಬಿಕೊಡುವ ದಿನಕ್ಕೆ ಕರಾವಳಿ, ಕೊಡಗಿನ ಶಿಕ್ಷಕರ ಕೊಠಡಿಯಲ್ಲಿ ಏನನ್ನುತ್ತಾರೆ? ಆದೇಶದ ‘ಸರಿದೂಗಿಸುವುದು’ ಬೇಡ, ಬಾಯಿಮಾತಿನ ಪದ ಬೇಕು. ಮುಂದಿನ ವಾರ ಪುಟಗಳು ಅಚ್ಚಿಗೆ ಹೋಗುತ್ತವೆ, ಅಷ್ಟರೊಳಗೆ ತಿಳಿಸಿದರೆ ಸೇರಿಸುತ್ತೇನೆ.