ಸೈಕಾಲಜಿ ಓದಿದರೆ ಕೆಲಸ ಸಿಗುತ್ತಾ? ಓದುಗರ ಸ್ಪಂದನ

ಕಳೆದ ಸಂಚಿಕೆಯಲ್ಲಿ ಹಾಸನ ಜಿಲ್ಲೆಯ ಓದುಗಿಯೊಬ್ಬರು ತಮ್ಮ ಸಮಸ್ಯೆ ಬರೆದಿದ್ದರು. ಪಿಯುಸಿ ಮುಗಿದಿದೆ, ಅನ್ವಯಿಕ ಮನಃಶಾಸ್ತ್ರದಲ್ಲಿ ಬಿ.ಎ. ಮಾಡುವ ಆಸೆ. ಅಪ್ಪ ಮಾತ್ರ ‘ಬಿ.ಕಾಂ. ಮಾಡು, ಬ್ಯಾಂಕ್ ಪರೀಕ್ಷೆ ಬರಿ’ ಅನ್ನುತ್ತಾರೆ. ‘ಮೂರು ವರ್ಷ ಓದಿದ ಮೇಲೆ ನನಗೆ ಕೆಲಸ ಸಿಗುತ್ತಾ?’ ಎಂದು ಕೇಳಿದ್ದರು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ಕೆಲಸ ಸಿಗುತ್ತಾ ಅಂತ ಮೊದಲು ಕೇಳುವವರು ಈ ಓದಿಗೆ ಬರಬೇಡಿ. ನಿಮ್ಮ ಮುಂದೆ ಬಂದು ಕೂರುವವರು ನೋವು ಹೊತ್ತು ಬಂದಿರುತ್ತಾರೆ. ಅಪ್ಪ ಹೇಳಿದಂತೆ ಬಿ.ಕಾಂ. ಮಾಡಿ.
– ಓದುಗ, ದಾವಣಗೆರೆ

ಫೀಸು ಕಟ್ಟುವ ಮನೆಯವರಿಗೆ ಈ ಪ್ರಶ್ನೆ ಬರುವುದು ಸಹಜ. ಮೈಸೂರಿನ ಹಿರಿಯರೊಬ್ಬರು ಅದಕ್ಕೆ ನೇರವಾಗಿ ಉತ್ತರಿಸಿದ್ದಾರೆ.

ಮಗು, ಬಿ.ಎ. ಒಂದರಿಂದಲೇ ಯಾರೂ ಸೈಕಾಲಜಿಸ್ಟ್ ಆಗುವುದಿಲ್ಲ. ಇದನ್ನು ಈಗಲೇ ತಿಳಿದುಕೋ. ಮಾತ್ರೆ ಬರೆಯುವವರು ಸೈಕಿಯಾಟ್ರಿಸ್ಟ್, ಅವರು ಎಂಬಿಬಿಎಸ್ ಓದಿ ಬಂದವರು. ಮಾತ್ರೆ ಬರೆಯದೆ ಮಾತುಕತೆಯ ಮೂಲಕ ಚಿಕಿತ್ಸೆ ಕೊಡುವ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಇಷ್ಟು ವರ್ಷ ಅದಕ್ಕಿದ್ದ ದಾರಿ ಡಿಗ್ರಿ ಮೂರು ವರ್ಷ, ಎಂ.ಎ. ಎರಡು, ಎಂ.ಫಿಲ್. ಎರಡು. ಈಗ ಕೋರ್ಸುಗಳು ಬದಲಾಗುತ್ತಿವೆ. ಸೇರುವ ಮುಂಚೆ ಪರಿಷತ್ತು ಒಪ್ಪಿದ ಕಾಲೇಜುಗಳ ಪಟ್ಟಿ ನೋಡು. ದೂರಶಿಕ್ಷಣದಲ್ಲಿ ಓದೋಣ ಅಂದುಕೊಳ್ಳಬೇಡ, ಯುಜಿಸಿ 2025ರಿಂದ ಅದನ್ನು ನಿಲ್ಲಿಸಿದೆ.

ಬೇರೆ ದಾರಿಗಳೂ ಇವೆ. ಎಂ.ಎ. ಜೊತೆ ಬಿ.ಎಡ್. ಇದ್ದರೆ ಪಿಯು ಉಪನ್ಯಾಸಕಿ ಆಗಬಹುದು. ಶಾಲೆಗಳಲ್ಲಿ ಕೌನ್ಸೆಲರ್ ಆಗಬಹುದು. ಕಂಪನಿಗಳ ಎಚ್‌ಆರ್ ಕೆಲಸಕ್ಕೂ ಈ ಓದು ಉಪಯೋಗಕ್ಕೆ ಬರುತ್ತದೆ, ಆದರೆ ಅಲ್ಲೂ ಮೇಲೊಂದು ಡಿಗ್ರಿ ಇದ್ದರೆ ಒಳ್ಳೆಯದು.

ಇದು ನಮ್ಮ ಕಡೆಗೆ ಹೊಸ ವಿಷಯ ಅಲ್ಲ ಅಂತ ನಿಮ್ಮ ತಂದೆಗೆ ಹೇಳು. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲೇ ಮನಃಶಾಸ್ತ್ರ ವಿಭಾಗ ಶುರುವಾಯಿತು. ಅದನ್ನು ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ. ಮೈಸೂರಿನ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಶುರು ಮಾಡಿದವರೂ ಅವರೇ.
– ನಿವೃತ್ತ ಉಪನ್ಯಾಸಕ, ಮೈಸೂರು

ತಂದೆ ಬೇಡ ಅನ್ನುವುದು ಸಾಲದ ಭಯಕ್ಕೂ ಇರಬಹುದು ಕಣವ್ವಾ. ಜಗಳ ಮಾಡಬೇಡ. ಕಾಲೇಜಿನ ಫೀಸು, ಹಾಸ್ಟೆಲ್, ಬಸ್ ಖರ್ಚು ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಅವರ ಕೈಗೆ ಕೊಡು. ರಾತ್ರಿ ಊಟ ಆದ ಮೇಲೆ ಕೊಡು, ಸಂಜೆ ದಣಿದು ಬಂದಾಗ ಬೇಡ.
– ಗೃಹಿಣಿ, ಹುಬ್ಬಳ್ಳಿ

ನಾನೀಗ ಐದನೇ ಸೆಮಿಸ್ಟರ್. ಮನಸ್ಸಿನ ಕಥೆಗಳನ್ನೇ ಓದುತ್ತೇವೆ ಅಂದುಕೊಂಡು ಬಂದಿದ್ದೆ, ಸ್ಟ್ಯಾಟಿಸ್ಟಿಕ್ಸ್ ಜಾಸ್ತಿ ಇದೆ. ಹೆದರಬೇಡಿ, ಕಲಿಯಬಹುದು. ನಿಮ್ಮ ಕನ್ನಡವನ್ನೂ ಕಡಿಮೆ ಅಂದುಕೊಳ್ಳಬೇಡಿ. 14416ಕ್ಕೆ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ಹಳ್ಳಿಯಿಂದ ಕರೆ ಮಾಡುವವರ ಕಷ್ಟವನ್ನು ಕನ್ನಡದಲ್ಲೇ ಕೇಳಿಸಿಕೊಳ್ಳುವವರು ಬೇಕು, ಅಲ್ವಾ?
– ವಿದ್ಯಾರ್ಥಿನಿ, ಬೆಂಗಳೂರು

ಮುಂದಿನ ಪತ್ರ ಉದ್ದವಿದೆ. ಕತ್ತರಿಸಲು ಮನಸ್ಸಾಗಲಿಲ್ಲ.

ನಿಮ್ಮ ಪತ್ರ ಓದಿದ ಮೇಲೆ ಎರಡು ರಾತ್ರಿ ನಿದ್ದೆ ಬರಲಿಲ್ಲ. ನಾನೂ ಬಿ.ಎ.ಯಲ್ಲಿ ಸೈಕಾಲಜಿ ಓದಿದವಳು. 1999ರಲ್ಲಿ ಮುಗಿಸಿದೆ. ಮುಂದೆ ಓದಬೇಕು ಅಂತ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮದುವೆ ಆಯಿತು. ಪುಸ್ತಕಗಳು ಅಟ್ಟ ಸೇರಿದವು.

2003ರ ಮಳೆಗಾಲದಲ್ಲಿ ತವರಿಗೆ ಹೋಗಿದ್ದೆ. ತಮ್ಮನಿಗೆ ಆಗ 21 ವರ್ಷ. ಊಟಕ್ಕೆ ಕರೆದರೆ ‘ಅನ್ನದಲ್ಲಿ ಏನೋ ಹಾಕಿದ್ದೀರಿ’ ಅನ್ನುತ್ತಿದ್ದ. ಕೊಟ್ಟಿಗೆ ಹಿಂದೆ ನಿಂತು ಯಾರ ಜೊತೆಗೋ ಮಾತಾಡುತ್ತಿದ್ದ. ಅಲ್ಲಿ ಯಾರೂ ಇರಲಿಲ್ಲ. ನನಗೆ ಅನುಮಾನ ಬಂತು. ತರಗತಿಯಲ್ಲಿ ಪರೀಕ್ಷೆಗೆ ಅಂತ ಬಾಯಿಪಾಠ ಮಾಡಿದ್ದು ನಮ್ಮ ಅಂಗಳದಲ್ಲೇ ನಡೆಯುತ್ತಿತ್ತು. ಅಪ್ಪಯ್ಯನಿಗೆ ಹೇಳಿದೆ. ‘ನೀನೇನು ಡಾಕ್ಟರಾ?’ ಅಂದರು. ಸುಮ್ಮನಾಗಿಬಿಟ್ಟೆ.

ಒಂದೂವರೆ ವರ್ಷ ತಾಯತ, ಹರಕೆ, ಪ್ರಶ್ನೆ ಕೇಳಿಸುವುದು, ಇದರಲ್ಲೇ ಹೋಯಿತು. ಅವನು ಕಾಲೇಜು ಬಿಟ್ಟ. ಮೂರು ದಿನ ಮನೆಗೇ ಬರದೆ ಕಾಣೆಯಾದ. ಅವನು ಸಿಕ್ಕಿದ ಮೇಲೆಯೇ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದದ್ದು.

ಡಾಕ್ಟರು ಔಷಧಿ ಕೊಟ್ಟರು, ಗುಣ ಕಂಡಿತು. ಆದರೆ ನನಗೆ ನೆನಪಿರುವುದು ಅಲ್ಲಿ ತರಬೇತಿಯಲ್ಲಿದ್ದ ಒಬ್ಬ ಹುಡುಗಿ. ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ಇದು ನೀವು ಬೆಳೆಸಿದ್ದರ ತಪ್ಪಲ್ಲಮ್ಮ’ ಅಂದಳು. ಅಮ್ಮ ಅಲ್ಲೇ ಜೋರಾಗಿ ಅತ್ತರು. ಅಷ್ಟು ದಿನ ತನ್ನದೇ ತಪ್ಪು ಅಂದುಕೊಂಡಿದ್ದರು ಅಂತ ನನಗೆ ಆವಾಗಲೇ ಗೊತ್ತಾದದ್ದು. ಆ ಮಾತನ್ನು ನಾನು ಒಂದೂವರೆ ವರ್ಷ ಮೊದಲೇ ಹೇಳಬಹುದಿತ್ತು. ಅದನ್ನು ನಾನು ಓದಿದ್ದೆ. ಹೇಳುವಷ್ಟು ಧೈರ್ಯ ಇರಲಿಲ್ಲ.

ತಮ್ಮ ಈಗ ಅಡಿಕೆ ತೋಟ ನೋಡಿಕೊಳ್ಳುತ್ತಾನೆ. ಮಾತ್ರೆ ತಪ್ಪಿಸುವುದಿಲ್ಲ. ಕೊಯ್ಲಿನ ಲೆಕ್ಕವೆಲ್ಲ ಅವನದೇ.

ನೀವು ಓದಿ. ನನ್ನ ಹಾಗೆ ಅರ್ಧಕ್ಕೆ ನಿಲ್ಲಿಸಬೇಡಿ. ಮೂರು ವರ್ಷಕ್ಕೆ ಮುಗಿಯುವುದಿಲ್ಲ ಅಂತ ಮನೆಯಲ್ಲಿ ಇವತ್ತೇ ಹೇಳಿ, ಒಪ್ಪಿಸಿಕೊಂಡೇ ಹೋಗಿ.
– ಓದುಗಿ, ತೀರ್ಥಹಳ್ಳಿ

ಎಲ್ಲ ಪತ್ರಗಳನ್ನೂ ಹಾಸನದ ಓದುಗಿಗೆ ಕಳಿಸಿದ್ದೇವೆ. ಮೈಸೂರು ಮತ್ತು ತೀರ್ಥಹಳ್ಳಿಯ ಪತ್ರಗಳ ಇನ್ನೊಂದು ಪ್ರತಿಯನ್ನು ಅವರ ತಂದೆಯವರ ಹೆಸರಿಗೂ ಹಾಕಿದ್ದೇವೆ.