ದೇವೇಗೌಡರು ಎಂಪಿಯಾಗಿ ಹಾಸನಕ್ಕೆ ಏನು ಮಾಡಿದರು?

ಅರಸೀಕೆರೆಯವ:
ದೇವೇಗೌಡರು ಹಾಸನದಿಂದ ಐದು ಸಲ ಲೋಕಸಭೆಗೆ ಗೆದ್ದರು. 1991, 1998, 2004, 2009, 2014. ಪ್ರಧಾನಿಯಾಗಿದ್ದ ಕಾಲ ಬಿಡಿ, ಆಗ ಅವರು ರಾಜ್ಯಸಭೆಯಲ್ಲಿದ್ದರು. ಬರೀ ನಮ್ಮ ಎಂಪಿಯಾಗಿ ಏನು ತಂದರು? ಅಭಿಮಾನ, ಸಿಟ್ಟು ಎರಡನ್ನೂ ಪಕ್ಕಕ್ಕಿಟ್ಟು ಹೇಳಿ.

ಹೊಳೆ ದಂಡೆ:
ರೈಲು ಸ್ವಾಮಿ! ಮೊದಲು ಬೆಂಗಳೂರಿಗೆ ಹೋಗಬೇಕಾದರೆ ನಿಮ್ಮ ಅರಸೀಕೆರೆ, ತಿಪಟೂರು, ತುಮಕೂರು ಎಲ್ಲ ಸುತ್ತಬೇಕಿತ್ತು. ಈಗ ಶ್ರವಣಬೆಳಗೊಳ, ಕುಣಿಗಲ್ ಮೇಲೆ ನೇರ ಹೋಗಬಹುದು.

ಮಲೆನಾಡಿಗ:
ಆ ಲೈನು ಮಂಜೂರಾಗಿದ್ದೇ ಅವರು ಪ್ರಧಾನಿಯಾಗಿದ್ದಾಗ. ಅದನ್ನ ಲೆಕ್ಕಕ್ಕೆ ಹಿಡಿಯಬೇಡಿ ಅಂತ ಮೇಲೇ ಹೇಳಿದ್ದಾರಲ್ಲ. ಪೂರ್ತಿ ಓಡಿದ್ದು 2017ರಲ್ಲಿ. ಮಂಜೂರಾದ ವರ್ಷ ಹುಟ್ಟಿದ ಮಗು ಅಷ್ಟೊತ್ತಿಗೆ ಡಿಗ್ರಿ ಓದ್ತಿತ್ತು.

ಹೊಳೆ ದಂಡೆ:
ಇಪ್ಪತ್ತು ವರ್ಷ ಎಳೆದಿದ್ದು ನಿಜ. ಅಷ್ಟರಲ್ಲಿ ದೆಹಲಿಯಲ್ಲಿ ಸರ್ಕಾರಗಳು ಎಷ್ಟು ಬದಲಾದವು ನೋಡಿ. ಅದೂ ಅವರ ಪಕ್ಷದ ಬಲ ಬೆರಳೆಣಿಕೆಯಷ್ಟು. ಪ್ರತಿ ಬಜೆಟ್ಟಿಗೂ ಹೋಗಿ ಕೇಳುವುದು ಸುಮ್ನೆ ಅಲ್ಲ.

ಕಡೂರಿನವಳು:
ನಮ್ಮ ಕಥೆ ಕೇಳಿ. ಜಿಲ್ಲೆ ಚಿಕ್ಕಮಗಳೂರು, 2009ರಿಂದ ವೋಟು ಹಾಸನದ ಎಂಪಿಗೆ. ಡಿಸಿ ಆಫೀಸು ಒಂದು ದಿಕ್ಕು, ಎಂಪಿ ಆಫೀಸು ಇನ್ನೊಂದು ದಿಕ್ಕು. ಎಂಪಿ ನಿಧಿ ವರ್ಷಕ್ಕೆ 5 ಕೋಟಿ. ಎಂಟು ವಿಧಾನಸಭಾ ಕ್ಷೇತ್ರಕ್ಕೆ ಹಂಚಿದರೆ ತಲಾ 62 ಲಕ್ಷ ಚಿಲ್ಲರೆ. ಒಂದೆರಡು ಸಮುದಾಯ ಭವನ, ಒಂದು ಬಸ್ ಶೆಲ್ಟರ್, ಅದರ ಮೇಲೆ ದೊಡ್ಡ ಅಕ್ಷರದಲ್ಲಿ ಹೆಸರು. ಮುಗೀತು. ನಮಗೆ ಬೇಕಿದ್ದದ್ದು ನೀರು.

ಮಲೆನಾಡಿಗ:
ನಮಗೆ ಆನೆ ಕಾಟ. ಸಕಲೇಶಪುರ, ಆಲೂರು ಕಡೆ ಕಾಫಿ ಕುಯ್ಲಿಗೆ ಆಳು ತೋಟಕ್ಕೆ ಇಳಿಯಲು ಹೆದರ್ತಾರೆ. ಯಾವ ಎಂಪಿ ಬಂದರೂ ಪರಿಹಾರದ ಮಾತೇ, ಆನೆ ಮಾತ್ರ ಅಲ್ಲೇ.

ಹೊಳೆ ದಂಡೆ:
ನೀರಿನ ವಿಷಯದಲ್ಲಿ ಗೌಡರನ್ನ ಅನ್ನಬೇಡಿ ಅಕ್ಕ. ಹೇಮಾವತಿ, ಕಾವೇರಿ ಅಂದರೆ ಅಂಕಿ ಅಂಶ ಅವರ ನಾಲಿಗೆ ತುದಿಯಲ್ಲಿ. 2019ರಲ್ಲಿ ಹಾಸನವನ್ನ ಮೊಮ್ಮಗನಿಗೆ ಬಿಟ್ಟು ತುಮಕೂರಿಗೆ ಹೋದರಲ್ಲ, ಅಲ್ಲಿ ಹೇಮಾವತಿ ನೀರು ಬಿಡಲಿಲ್ಲ ಅಂತಲೇ ಅವರ ಮೇಲೆ ಮುಗಿಬಿದ್ದರು. ಸೋತರು.

ಕಡೂರಿನವಳು:
ಹಾಸನಕ್ಕೆ ಸಿಕ್ಕಿತು ಸರಿ. ಅದರಲ್ಲಿ ಕಡೂರಿಗೆ ಎಷ್ಟು?

ಅರಸೀಕೆರೆಯವ:
ಪ್ರಧಾನಿಯಾಗಿದ್ದವರನ್ನೇ 1999ರಲ್ಲಿ ಹಾಸನ ಸೋಲಿಸಿತ್ತು, ಅದನ್ನೂ ನೆನೆಸಿಕೊಳ್ಳಿ. ಗೆದ್ದವರು ಪುಟ್ಟಸ್ವಾಮಿಗೌಡರು. 2024ರಲ್ಲಿ ಗೆದ್ದಿದ್ದು ಪುಟ್ಟಸ್ವಾಮಿಗೌಡರ ಮೊಮ್ಮಗ ಶ್ರೇಯಸ್ ಪಟೇಲ್. ದೇವೇಗೌಡರದ್ದು, ಪುಟ್ಟಸ್ವಾಮಿಗೌಡರದ್ದು ಎರಡೂ ಮನೆ ಹೊಳೆನರಸೀಪುರ ತಾಲ್ಲೂಕಿನದ್ದೇ.

ಕಡೂರಿನವಳು:
ಅಂದ್ರೆ ಎಂಪಿ ಬದಲಾದರೂ ತಾಲ್ಲೂಕು ಬದಲಾಗಲ್ಲ. ನಮ್ಮ ಕಡೆಯವರಿಗೆ ಟಿಕೆಟ್ ಯಾವಾಗ ಕೊಡ್ತೀರಿ, ಅದನ್ನ ಹೇಳಿ ಮೊದಲು.